ಟ್ಯೂಬಿಗೆ ಬಿದ್ದ ಲಡಿ ತಿರುವು

ನನ್ನ ಓರಗಿತ್ತಿಯನ್ನು ಈ ಕೆಲಸಕ್ಕೆ ಸೇರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಅವಳ ಮೇಲೆ ಉರಿದುಬಿದ್ದದ್ದನ್ನೆಲ್ಲ ಓದಿ, ಅಷ್ಟು ಆಗದವಳನ್ನು ಕರೆತಂದದ್ದೇಕೆ ಎಂದು ನೀವು ಕೇಳುತ್ತೀರಿ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದವಳು. ಯಳಂದೂರು ಕಡೆಯ ಒಂದು ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಘಟಕ ಬಾಗಿಲು ಹಾಕಿದ ಮೇಲೆ ಮನೆಯಲ್ಲೇ ಕೂತಳು. "ಅಕ್ಕ, ನಿಮ್ ಗೋಡೌನಲ್ಲಿ ನಂಗೂ ಒಂದು ಕೆಲ್ಸ ಕೇಳು" ಎಂದಳು. ಕೇಳಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ ಎಂಬ ಗಾದೆ ಆ ಹೊತ್ತಿಗೆ ನೆನಪಾಗಲಿಲ್ಲ.

ನಮ್ಮ ಗೋಡೌನು ಯಳಂದೂರು ರಸ್ತೆಯಲ್ಲಿದೆ. ಹಿಂದೆ ಅಕ್ಕಿ ಗಿರಣಿಯವರದಾಗಿತ್ತು. ಮಳೆ ಬಂದರೆ ಈಗಲೂ ಗೋಡೆಯಿಂದ ತೌಡಿನ ವಾಸನೆ ಬರುತ್ತದೆ. ಅಲ್ಲಿ ನಾವು ಸಮುದ್ರದ ಗಾಳಿಪಟಗಳನ್ನು ರಿಪೇರಿ ಮಾಡುತ್ತೇವೆ. ಹೀಗೆಂದರೆ ಬಸ್ಸಿನಲ್ಲಿ ಪಕ್ಕ ಕೂತವರು ನಗುತ್ತಾರೆ. ಕೊಳ್ಳೇಗಾಲಕ್ಕೂ ಸಮುದ್ರಕ್ಕೂ ಏನು ನಂಟು? ನಂಟು ನಮ್ಮ ಓನರದು. ಸತ್ತೇಗಾಲದವರು, ತಮಿಳುನಾಡಿನ ಕರಾವಳಿಯಲ್ಲಿ ಕೈಟ್ ಸರ್ಫಿಂಗ್ ಕಲಿಸುವ ಒಂದು ಕಡೆ ವರ್ಷಗಟ್ಟಲೆ ದುಡಿದು, ಅಲ್ಲಿಯ ರಿಪೇರಿ ಕೆಲಸವನ್ನು ಊರಿಗೇ ತಂದುಕೊಂಡವರು. ರೇಷ್ಮೆ ಊರಿನ ಹೆಂಗಸರ ಕೈಗೆ ತೆಳುವಾದ ಬಟ್ಟೆ ಕೊಟ್ಟರೆ ಹರಿಯುವುದಿಲ್ಲ ಎಂಬುದು ಅವರ ಲೆಕ್ಕ.

ಆ ಪಟ ಆಷಾಢದಲ್ಲಿ ನಮ್ಮ ಹುಡುಗರು ಹಾರಿಸುವಂಥದ್ದಲ್ಲ. ಹಾಸಿದರೆ ಗೋಡೌನಿನ ಅರ್ಧ ನೆಲ ಮುಚ್ಚುತ್ತದೆ. ಆಡುವವರು ಒಂದು ಹಲಗೆಯ ಮೇಲೆ ನಿಂತು, ಪಟದ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಳಿಯ ಬಲದಿಂದ ನೀರಿನ ಮೇಲೆ ಓಡುತ್ತಾರೆ. ಪಟದ ಮುಂದಿನ ಅಂಚಿಗೆ ಬಾಳೆದಿಂಡಿನಷ್ಟು ದಪ್ಪದ ಉದ್ದನೆಯ ಗವಸು ಹೊಲಿದಿರುತ್ತದೆ. ಅದರೊಳಗೆ ತೆಳು ಪ್ಲಾಸ್ಟಿಕ್ಕಿನ ಬ್ಲ್ಯಾಡರ್ ಇರುತ್ತದೆ. ನಾವು ಟ್ಯೂಬು ಎನ್ನುತ್ತೇವೆ. ಅದಕ್ಕೆ ಗಾಳಿ ತುಂಬಿದರೆ ಪಟ ಬಿಲ್ಲಿನಂತೆ ಬಿಗಿದು ನಿಲ್ಲುತ್ತದೆ, ನೀರಿಗೆ ಬಿದ್ದರೂ ತೇಲಿ ಮತ್ತೆ ಏಳುತ್ತದೆ. ಟ್ಯೂಬು ಸಮುದ್ರದ ನಡುವೆ ಒಡೆದರೆ ಅದು ಬರೀ ಒದ್ದೆ ಬಟ್ಟೆ. ಆಗ ಹಿಡಿದವರು ಅದನ್ನು ಎಳೆದುಕೊಂಡು ಈಜಿ ದಡ ಸೇರಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಓನರು ನಮಗೆಲ್ಲ ಹೇಳುವ ಮಾತು ಇದು.

ನಾನು ಸಮುದ್ರ ನೋಡಿಲ್ಲ. ಟ್ಯೂಬು ಈಚೆಗೆಳೆದಾಗ ಗವಸಿನಿಂದ ಮರಳು ಉದುರುತ್ತದಲ್ಲ, ಅಷ್ಟೇ ನಾನು ಕಂಡ ಸಮುದ್ರ. ಆ ಮರಳನ್ನು ಗುಡಿಸಿ ಎಸೆಯಲು ಮನಸ್ಸು ಬರದೆ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ. ನಾನೇ ಒಳಗೆ ಹಾಕಿ ಹೊಲಿದ ಪಟ ನೀರಿನ ಮೇಲೆ ಎದ್ದು ನಿಲ್ಲುವುದನ್ನು ಒಂದು ಸಲ ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ. ಫೋನಿನಲ್ಲಿ ತೋರಿಸುತ್ತಾರೆ, ನಿಜ. ಫೋನಿನಲ್ಲಿ ಎಲ್ಲ ನೊಣದಷ್ಟು ಕಾಣುತ್ತದೆ.

ಈ ಸಲ ಆಷಾಢದ ಗಾಳಿ ಶುರುವಾಗುವ ಮುಂಚೆ ಓನರು ಹೇಳಿದರು: "ಗಾಳಿ ಸೀಸನ್ ಮುಗಿಯೋವರ್ಗೂ ಅಲ್ಲೇ ಇದ್ದು ರಿಪೇರಿ ಮಾಡೋಕೆ ಒಬ್ಬರನ್ನ ಕೇಳ್ತಾವ್ರೆ. ಈಗ ಬರೋ ಲೋಡು ಮುಗೀಲಿ. ಒಬ್ಬರನ್ನ ಕರ್ಕೊಂಡು ಹೋಗ್ತೀನಿ."

ಒಬ್ಬರು ಎಂದರೆ ನಾನು ಎಂದುಕೊಂಡೆ. ಇನ್ನು ಯಾರು? ಗೋಡೌನಿನಲ್ಲಿ ಎಲ್ಲರಿಗಿಂತ ಹಳಬಳು ನಾನು. ಸಂತೆಯ ದಿನ ಹೋಗಿ ಜಿಪ್ ಇರುವ ಹೊಸ ಬ್ಯಾಗು ತಂದೆ. ಮನೆಯಲ್ಲಿ ಯಜಮಾನರನ್ನು ಒಪ್ಪಿಸಿದೆ, ಅತ್ತೆಯನ್ನೂ ಒಪ್ಪಿಸಿದೆ. ಓರಗಿತ್ತಿ ಬ್ಯಾಗಿನ ಜಿಪ್ಪನ್ನು ಹಿಂದೆ ಮುಂದೆ ಎಳೆದು ನೋಡಿ, "ನಂಗೂ ಒಂದ್ಸಲ ನೋಡ್ಬೇಕು ಅನ್ಸ್ತದೆ ಅಕ್ಕ, ಸಮುದ್ರವ" ಎಂದಳು. ನೋಡುವೆಯಂತೆ ಬಿಡು ಎಂದೆ. ಆಗಿನ್ನೂ ನನಗೆ ಅವಳ ಕೆನ್ನೆಯ ವಿಷಯ ಗೊತ್ತಿರಲಿಲ್ಲ.

ಕೆನ್ನೆಯ ವಿಷಯ ಹೇಳಬೇಕು. ಟ್ಯೂಬಿನಲ್ಲಿ ತೂತು ಹುಡುಕುವುದು ನಮ್ಮಲ್ಲಿ ದೊಡ್ಡ ಕೆಲಸ. ಗವಸಿನಿಂದ ಬಿಚ್ಚಿದ ಟ್ಯೂಬಿಗೆ ಸ್ವಲ್ಪವೇ ಗಾಳಿ ತುಂಬಬೇಕು. ಮೇಲೆ ಗವಸು ಇಲ್ಲದೆ ಹೆಚ್ಚು ತುಂಬಿದರೆ ಬಲೂನಿನಂತೆ ಊದಿ ಕೆಟ್ಟುಹೋಗುತ್ತದೆ. ಆಮೇಲೆ ಸೋಪಿನ ನೀರು ಸವರುತ್ತ ಗುಳ್ಳೆ ಏಳುವ ಜಾಗ ನೋಡಬೇಕು. ಗುಳ್ಳೆ ಕಂಡರೆ ಪೆನ್ನಿನಿಂದ ಸುತ್ತು ಹಾಕಿ, ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ, ತೇಪೆ ಅಂಟಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ತೀಡಬೇಕು. ಸೂಜಿಮೊನೆಯ ತೂತಾದರೆ ಗುಳ್ಳೆಯೂ ಸರಿಯಾಗಿ ಏಳುವುದಿಲ್ಲ. ಅಂಥ ಒಂದು ತೂತಿಗೆ ನಾನು ಅರ್ಧ ದಿನ ಕಳೆದದ್ದಿದೆ.

ಓರಗಿತ್ತಿ ಬಂದು ಒಂದು ವಾರವಾಗಿರಬೇಕು. ನಾನು ಹುಡುಕಿ ಬೇಸತ್ತು ಇಟ್ಟಿದ್ದ ಟ್ಯೂಬನ್ನು ಎತ್ತಿಕೊಂಡಳು. ಕೆನ್ನೆಗೆ ನೀರು ಹಚ್ಚಿಕೊಂಡು, ಟ್ಯೂಬನ್ನು ಕೆನ್ನೆಯ ಹತ್ತಿರ ನಿಧಾನಕ್ಕೆ ಸರಿಸುತ್ತ ಹೋದಳು. ಮಗುವಿಗೆ ಮುತ್ತು ಕೊಡುವವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಕಡೆ ನಿಂತಳು.

"ಇಲ್ಲೇ ಅದೆ ಅಕ್ಕ. ತಣ್ಣಗೆ ಬಡೀತದೆ."

ಸೋಪಿನ ನೀರು ಹಾಕಿ ಬಹಳ ಹೊತ್ತು ನೋಡಿದೆ. ರಾಗಿ ಕಾಳಿನಷ್ಟು ಗುಳ್ಳೆ ಎದ್ದಿತು. ಓನರು ಕುರ್ಚಿಯಿಂದ ಎದ್ದು ಬಂದು ನೋಡಿ, "ಇನ್ಮೇಲೆ ಸೋಪು ಬ್ಯಾಡ, ಕೆನ್ನೆ ಮೀಟರ್ ಸಾಕು" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗಿತ್ತು. ಆ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಯಜಮಾನರ ಸೈಕಲ್ಲಿನ ತೂತಾದ ಟ್ಯೂಬನ್ನು ಹೊರತೆಗೆದು, ಕೆನ್ನೆ ಒದ್ದೆ ಮಾಡಿಕೊಂಡು ನಾನೂ ಪ್ರಯತ್ನಿಸಿದೆ. ನನಗೆ ತಗುಲಿದ್ದು ಫ್ಯಾನಿನ ಗಾಳಿ ಮಾತ್ರ. ಫ್ಯಾನು ಆರಿಸಿ ನೋಡಿದೆ, ಏನೂ ತಗುಲಲಿಲ್ಲ. ಅತ್ತೆ ಬಂದು, "ಅದ್ಯಾಕಮ್ಮಿ ಟ್ಯೂಬ ತಬ್ಕಂಡು ಕೂತಿದೀಯೆ?" ಎಂದು ಕೇಳಿದಾಗ ಟ್ಯೂಬನ್ನು ಸುತ್ತಿ ಸೈಕಲ್ಲಿನ ಮೇಲೆ ಎಸೆದೆ.

ಲೋಡು ಬಂದದ್ದು ಮೋಡ ಮುಚ್ಚಿ ಸೋನೆ ಹಿಡಿದ ದಿನ. ಕರಾವಳಿಯ ಪಟಗಳು ಮಾದಪ್ಪನ ಬೆಟ್ಟದ ದಾರಿಯಾಗಿ, ಕೌದಳ್ಳಿ, ಹನೂರು ದಾಟಿ ಬಸ್ಸಿನ ಮೇಲೆ ಬರುತ್ತವೆ. ಈ ಸಲದ ಮೂಟೆಗಳು ಒದ್ದೆಯಾಗಿದ್ದವು. ಬಿರುಗಾಳಿಗೆ ಸಿಕ್ಕಿ ಕಲ್ಲುಬಂಡೆಗೆ ಬಡಿದ ಪಟಗಳು. ಅವುಗಳಲ್ಲಿ ಒಂದು ಕಿತ್ತಳೆ ಬಣ್ಣದ ದೊಡ್ಡ ಪಟ. ಅದು ಅಲ್ಲಿಯ ಹಿರಿಯ ತರಬೇತುದಾರರದು. ಕಲಿಯಲು ಬಂದವರು ದೂರ ತೇಲಿಹೋದರೆ ಅವರನ್ನು ಕರೆತರಲು ಅವರು ಹೋಗುವುದು ಅದರಲ್ಲಿಯೇ. ಹಳೆಯ ಮಾದರಿಯಾದ್ದರಿಂದ ಅದರ ಟ್ಯೂಬು ಈಗ ಎಲ್ಲಿಯೂ ಸಿಗುವುದಿಲ್ಲ. ಇರುವ ಟ್ಯೂಬನ್ನೇ ಉಳಿಸಿಕೊಳ್ಳಬೇಕು.

ಅಂಥ ಪಟ ಬಂದರೆ ಯಾವಾಗಲೂ ನನ್ನ ಮುಂದೆ ಇಡುತ್ತಿದ್ದರು. ಈ ಸಲ ಓನರು ಮೂಟೆ ಬಿಚ್ಚಿ, ಸುತ್ತ ನೋಡಿ, ಓರಗಿತ್ತಿಯ ಮುಂದೆ ಇಟ್ಟರು. "ಅಕ್ಕ, ನೀವು ಹರಿದಿರೋ ಬಟ್ಟೆ ಹೊಲೀರಿ. ಇದನ್ನ ಈ ಸಲ ಅವರೇ ಪೂರ್ತಿ ಮಾಡ್ಲಿ. ಕೈ ಎಂಗದೆ ನೋಡಣ."

ಕೈ ಹೇಗಿದೆ ಎಂದು ಯಾಕೆ ನೋಡುತ್ತಾರೆ ಎಂಬುದು ನನಗೆ ಗೊತ್ತಾಗದಷ್ಟು ನಾನು ಪೆದ್ದಿಯಲ್ಲ. ಹೊಸ ಬ್ಯಾಗು ಮನೆಯ ಅಟ್ಟದ ಮೇಲಿತ್ತು. ಹೋಗಿ ಹೊಲಿಗೆ ಮೆಶಿನ್ನಿನ ಮುಂದೆ ಕೂತೆ.

ಅಲ್ಲಿಂದ ಮುಂದೆ ನಾನು ಹೊಲಿದದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು. ಅವಳನ್ನೂ ಅಲ್ಲ, ಅವಳ ಕೈಯನ್ನು. ಅವಳು ಪಟವನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿದಳು. ಅಂಚಿನ ನಡುವಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದಳು. ಎರಡು ತುದಿಯ ಗಂಟು ಬಿಚ್ಚಿ, ಟ್ಯೂಬಿನ ಎರಡೂ ಕೊನೆಗೆ ಉದ್ದನೆಯ ದಾರ ಕಟ್ಟಿದಳು. ಟ್ಯೂಬು ಈಚೆಗೆ ಬಂದ ಮೇಲೆ ಆ ದಾರ ಗವಸಿನೊಳಗೇ ಉಳಿಯಬೇಕು. ಮತ್ತೆ ಒಳಗೆಳೆಯಲು ಅದೇ ದಾರಿ. ದಾರ ಮರೆತರೆ ಕೋಲು ತೂರಿಸಿಕೊಂಡು ಒದ್ದಾಡಬೇಕು. ಮರೆಯುತ್ತಾಳೇನೋ ಎಂದು ಕಾದೆ. ಮರೆಯಲಿಲ್ಲ. ನನ್ನ ಸೂಜಿ ಟಕ್ಕೆಂದು ಮುರಿಯಿತು. ಬಟ್ಟೆ ಬಿಟ್ಟು ಅವಳನ್ನು ನೋಡುತ್ತ ತುಳಿದರೆ ಇನ್ನೇನಾದೀತು.

ಮೊದಲ ತೊಡಕು ವಾಲ್ವಿನದು. ಗಾಳಿ ತುಂಬುವ ಮೂತಿ ಬುಡದಲ್ಲಿ ಅರ್ಧ ಬಿಟ್ಟುಕೊಂಡಿತ್ತು. ಹಳೆಯ ಗೋಂದು ಕೆರೆದು, ಹೊಸ ಗೋಂದು ಹಚ್ಚಿ ಕೂರಿಸಿದಳು. ಸೋನೆಯ ತಂಪಿಗೆ ಗೋಂದು ಹಿಡಿಯಲಿಲ್ಲ, ಗಾಳಿ ತುಂಬಿದ ಕೂಡಲೇ ಒಂದು ಬದಿ ಬಾಯಿ ಬಿಟ್ಟಿತು. ಇನ್ನೊಮ್ಮೆ ಹಚ್ಚಿದಳು, ಮತ್ತೆ ಬಿಟ್ಟಿತು. ಇಂಥ ಹವಾದಲ್ಲಿ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯ ಕಾವು ಕೊಡುತ್ತೇವೆ. ಅಷ್ಟರಲ್ಲಿ ಕರೆಂಟು ಹೋಯಿತು. ಇಸ್ತ್ರಿ ಅಂಗಡಿಯಿಂದ ಇದ್ದಿಲಿನ ಪೆಟ್ಟಿಗೆ ತರೋಣವೆಂದು ನಾನೇ ಹೇಳಿದೆ. ಓನರು ಬೇಡವೆಂದರು. ಇದ್ದಿಲಿನ ಕಾವು ಹೇಳಿದ ಮಾತು ಕೇಳುವುದಿಲ್ಲ, ಟ್ಯೂಬು ಸುಟ್ಟರೆ ಬೇರೆ ಇಲ್ಲ.

ಓರಗಿತ್ತಿ ಎದ್ದು ಹೋಗಿ ಟೀ ಕಾಯಿಸುವ ಒಲೆಯ ಮೇಲೆ ನೀರಿಟ್ಟಳು. ತಳ ಸಮವಾಗಿರುವ ಒಂದು ಸ್ಟೀಲು ಡಬ್ಬಿಗೆ ಬಿಸಿನೀರು ಹೊಯ್ದು, ಬೆರಳಿನಿಂದ ಮುಟ್ಟಿ ನೋಡಿ, ಸ್ವಲ್ಪ ತಣ್ಣೀರು ಬೆರೆಸಿ, ಮತ್ತೆ ಮುಟ್ಟಿ ನೋಡಿ, ಡಬ್ಬಿಯನ್ನು ವಾಲ್ವಿನ ಬುಡದ ಮೇಲೆ ಇಟ್ಟಳು. ಕಾವೂ ಆಯಿತು, ಭಾರವೂ ಆಯಿತು. ಆರಿದಂತೆಲ್ಲ ನೀರು ಬದಲಿಸಿದಳು.

"ಅದೆಂಗೆ ಗೊತ್ತು ನಿಮ್ಗೆ, ಎಷ್ಟು ಬಿಸಿ ಅಂತ?" ಓನರು ಕೇಳಿದರು.

"ರೇಷ್ಮೆಗೂಡು ಬೇಯ್ಸಿ ಬೇಯ್ಸಿ ಅಭ್ಯಾಸ ಸಾ. ನೀರು ಜಾಸ್ತಿ ಕಾದ್ರೆ ನೂಲು ಕಿತ್ತೋಯ್ತದೆ, ಕಮ್ಮಿ ಕಾದ್ರೆ ಬರಕ್ಕಿಲ್ಲ."

ವಾಲ್ವು ಹಿಡಿಯಿತು. ಓನರು ಅವಳ ಉಪ್ಪಿನಕಾಯಿಯನ್ನೂ ಆ ಮಧ್ಯಾಹ್ನ ಹೊಗಳಿದರು. ಅದು ನನ್ನ ಉಪ್ಪಿನಕಾಯಿ. ನಮ್ಮಿಬ್ಬರಿಗೂ ಒಂದೇ ಅಡುಗೆಮನೆ, ಒಂದೇ ಜಾಡಿ. ನಾನು ಹಾಕಿದ ಉಪ್ಪಿನಕಾಯಿಗೂ ಅವಳ ಹೆಸರು ಬಂದದ್ದು ನೋಡಿ ನನಗೆ ಅನ್ನ ಇಳಿಯಲಿಲ್ಲ. ಅದು ಅಕ್ಕ ಹಾಕಿದ್ದು ಎಂದು ಅವಳು ಹೇಳಿದಳು, ನಿಜ. ಹೇಳಿದ್ದಕ್ಕೂ ಸಿಟ್ಟು ಬಂತು. ಒಳ್ಳೆಯವಳು ಎನ್ನಿಸಿಕೊಳ್ಳಲು ಹೇಳಿದಳು ಎನ್ನಿಸಿತು.

ತೂತುಗಳನ್ನೆಲ್ಲ ಕೆನ್ನೆಯಿಂದ ಹುಡುಕಿ ತೇಪೆ ಹಾಕಿ ಮುಗಿಸಿದ ಮೇಲೆ ಟ್ಯೂಬನ್ನು ಒಳಗೆ ಹಾಕುವ ಕೆಲಸ. ಈ ಕೆಲಸದಲ್ಲಿ ಮಾತ್ರ ನಾನು ಯಾರಿಗೂ ತಲೆ ಬಾಗಿಸುವವಳಲ್ಲ. ಟ್ಯೂಬಿನ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕು. ಜಾರಲೆಂದು ಮೈಗೆಲ್ಲ ಪೌಡರ್ ಸವರಬೇಕು. ಆಮೇಲೆ ಅದನ್ನು ಸೀರೆಯ ನೆರಿಗೆಯಂತೆ ಹಿಂದೆ ಮುಂದೆ, ಹಿಂದೆ ಮುಂದೆ ಮಡಿಸಬೇಕು. ಇದು ನಾನೇ ಕಂಡುಕೊಂಡ ರೀತಿ. ಸೀರೆ ಉಡುವವಳ ಕೈ ನೆರಿಗೆಯನ್ನು ತಿರುಚುವುದಿಲ್ಲ. ಎರಡು ಕಡೆಯ ದಾರ ಎಳೆದಂತೆ ನೆರಿಗೆ ಒಂದೊಂದಾಗಿ ಬಿಚ್ಚಿಕೊಂಡು ಟ್ಯೂಬು ನೆಟ್ಟಗೆ ಒಳಗೆ ಸರಿಯುತ್ತದೆ.

ಓರಗಿತ್ತಿಗೂ ಹಾಗೆಯೇ ಹೇಳಿಕೊಟ್ಟಿದ್ದೆ. ಬಲಗಡೆಯ ಅರ್ಧವನ್ನು ಹಾಗೆಯೇ ಮಡಿಸಿದಳು. ಎಡಗಡೆಯದನ್ನು ಮಡಿಸುವಾಗ ಓನರು ಏನೋ ಕೇಳಿದರು. ಅವಳು ಅತ್ತ ತಿರುಗಿ ಉತ್ತರ ಕೊಡುತ್ತಲೇ ಮಡಿಕೆ ಮುಗಿಸಿ, ಕೈಯಲ್ಲಿದ್ದದ್ದನ್ನು ಪಕ್ಕಕ್ಕೆ ಇಡುವ ಮುಂಚೆ ಮಣಿಕಟ್ಟನ್ನು ಸಲೀಸಾಗಿ ಒಮ್ಮೆ ತಿರುವಿದಳು. ಅಷ್ಟೇ. ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ನಾನು ಮೆಶಿನ್ನಿನ ಹಿಂದಿನಿಂದ ನೋಡಿದೆ. ಏನೋ ಕಂಡಂತಾಯಿತು, ಏನೆಂದು ಹೊಳೆಯಲಿಲ್ಲ. ದಾರ ಎಳೆದು ಟ್ಯೂಬನ್ನು ಒಳಗೆ ಕೂರಿಸಿದಳು. ವಾಲ್ವುಗಳೆಲ್ಲ ಗವಸಿನಲ್ಲಿರುವ ತಂತಮ್ಮ ಕಿಂಡಿಗೆ ಸರಿಯಾಗಿ ಬಂದವು. ತುದಿ ಕಟ್ಟಿ, ಹಳೆಯ ಸೂಜಿತೂತುಗಳಲ್ಲೇ ಎರಡು ಸಾಲು ಹೊಲಿಗೆ ಹಾಕಿದಳು. ಹೊಲಿಗೆ ಚೆನ್ನಾಗಿತ್ತು. ನಾನೇ ಕಲಿಸಿದ್ದಲ್ಲವೇ.

ಕಿತ್ತಳೆ ಪಟಕ್ಕೆ ಪೂರ್ತಿ ಗಾಳಿ ತುಂಬಿ ಪರೀಕ್ಷೆ ಮಾಡುವ ಹೊತ್ತಿಗೆ ಓನರು ಕರಾವಳಿಗೆ ವಿಡಿಯೋ ಕಾಲ್ ಮಾಡಿದರು. ಆ ತರಬೇತುದಾರರು ತಮ್ಮ ಪಟ ಎದ್ದು ನಿಲ್ಲುವುದನ್ನು ನೋಡಬೇಕೆಂದಿದ್ದರು. ಪಂಪು ಓನರ ಕೈಯಲ್ಲಿ. ಪಂಪಿನ ಕೊಳವೆ ಹಿಡಿದು ಓರಗಿತ್ತಿ ವಾಲ್ವಿನ ಹತ್ತಿರ. "ಅಕ್ಕ, ನೀವು ಇದನ್ನ ಹಿಡ್ಕಂಡು ತೋರ್ಸಿ" ಎಂದು ಫೋನನ್ನು ನನಗೆ ಕೊಟ್ಟರು. ಇಷ್ಟು ವರ್ಷ ದುಡಿದದ್ದಕ್ಕೆ ಕೊನೆಗೆ ಮದುವೆ ಮನೆಯ ವಿಡಿಯೋದವಳಾದೆ.

ಓನರು ಪಂಪು ಒತ್ತಿದರು. ನಡುಭಾಗ ಉಬ್ಬಿತು. ಬಲತುದಿ ಮೆಲ್ಲಗೆ ತಲೆ ಎತ್ತಿತು. ಎಡತುದಿ ನೆಲದ ಮೇಲೆಯೇ ಇತ್ತು. ಸ್ವಲ್ಪ ತಡವಾಗಿ ಅದೂ ಎದ್ದಿತು. ಫೋನಿನ ಸಣ್ಣ ಪರದೆಯಲ್ಲಿ ನೋಡುತ್ತಿದ್ದೆನಾದ್ದರಿಂದ ಎರಡು ತುದಿಗಳ ವ್ಯತ್ಯಾಸ ಎದ್ದು ಕಂಡಿತು. ಆಗ ಆ ಮಣಿಕಟ್ಟಿನ ತಿರುವು ನೆನಪಾಯಿತು, ಅದು ಏನೆಂಬುದೂ ಹೊಳೆಯಿತು. ಟ್ಯೂಬು ಗವಸಿನೊಳಗೆ ಒಂದು ಪೂರ್ತಿ ಸುತ್ತು ತಿರುಗಿ ಕೂತಿದೆ. ಅರ್ಧ ಸುತ್ತಾಗಿದ್ದರೆ ವಾಲ್ವು ಕಿಂಡಿಗೆ ಬರುತ್ತಿರಲಿಲ್ಲ, ಅವಳಿಗೇ ತಿಳಿಯುತ್ತಿತ್ತು. ಪೂರ್ತಿ ಸುತ್ತಾದ್ದರಿಂದ ಎಲ್ಲ ಸರಿಯಿದ್ದಂತೆ ಕಾಣುತ್ತಿದೆ. ಗಾಳಿ ಆ ಇಕ್ಕಟ್ಟಿನಲ್ಲಿ ನುಸುಳಿ ಹೋಗುತ್ತಿದೆ.

ಓನರು ಇನ್ನೂ ಒತ್ತುತ್ತಿದ್ದರು. ಗವಸು ಬಿಗಿಯತೊಡಗಿತ್ತು.

ನಾನು ಏನು ಯೋಚಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಸುಮ್ಮನಿರು ಎಂದುಕೊಂಡೆ. ಸುಮ್ಮನಿದ್ದರೆ ಇಲ್ಲೇ, ಕರಾವಳಿಯವರ ಕಣ್ಣೆದುರಿಗೇ ಪಟಾರೆಂದು ಒಡೆಯುತ್ತದೆ. ಕೆನ್ನೆ ಮೀಟರಿನ ಬಣ್ಣ ಎಲ್ಲರಿಗೂ ತಿಳಿಯುತ್ತದೆ. ಬ್ಯಾಗು ಅಟ್ಟದಿಂದ ಇಳಿಯುತ್ತದೆ. ನಾನು ಮಾಡಿದ್ದೇನೂ ಇಲ್ಲ, ಬರೀ ಫೋನು ಹಿಡಿದಿದ್ದೆ. ಗಾಳಿ ಬಂದಾಗ ತೂರಿಕೊ ಎನ್ನುತ್ತಾರೆ, ಇದಕ್ಕಿಂತ ಒಳ್ಳೆಯ ಗಾಳಿ ಯಾವಾಗ ಬಂದೀತು?

ಆದರೆ ಒಡೆಯದೇ ಹೋದರೆ? ಕೆಲವು ಸಲ ಇಲ್ಲಿ ತಡೆದುಕೊಳ್ಳುತ್ತದೆ. ಹೊಲಿದು ಕಟ್ಟಿ ಕಳಿಸುತ್ತೇವೆ. ಅಲ್ಲಿ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಅಲೆ ಬಡಿಯುತ್ತದೆ, ಬೇರೆಯವರನ್ನು ಕರೆತರಲು ಹೋದವರ ಪಟವೇ ನಡುನೀರಿನಲ್ಲಿ ಕೈ ಕೊಡುತ್ತದೆ. ಪರದೆಯ ಮೂಲೆಯಲ್ಲಿ ಆ ತರಬೇತುದಾರರ ಮುಖ ಇತ್ತು. ಬಿಸಿಲಿಗೆ ಕಪ್ಪಾದ, ಮೂಗಿನ ಮೇಲೆ ಬಿಳಿ ಮುಲಾಮು ಹಚ್ಚಿಕೊಂಡ ಮುಖ. ತಮ್ಮ ಪಟ ಏಳುವುದನ್ನು ನೋಡಿ ಆ ಮನುಷ್ಯ ನಗುತ್ತಿದ್ದರು.

"ನಿಲ್ಸಿ ಸಾ" ಎಂದೆ. ಅವರಿಗೆ ಕೇಳಿಸಲಿಲ್ಲ. ಫೋನನ್ನು ನೆಲಕ್ಕಿಟ್ಟು, ಹೋಗಿ ಪಂಪಿನ ಕೊಳವೆಯನ್ನು ಕಿತ್ತುಬಿಟ್ಟೆ. ಪಟ ಬುಸ್ಸೆಂದು ಮಲಗಿತು. ನೆಲದಲ್ಲಿದ್ದ ಫೋನಿನಿಂದ, "ಅಕ್ಕಾ, ಎನ್ನ ಆಚ್ಚು?" ಎಂದು ಆ ಮನುಷ್ಯ ತಮಿಳಿನಲ್ಲಿ ಏನಾಯಿತೆಂದು ಕೇಳುತ್ತಲೇ ಇದ್ದರು.

"ಎಡಗಡೆ ಒಳಗೆ ತಿರುಗ್ಕಂಡದೆ" ಎಂದೆ.

"ಇಲ್ಲಕ್ಕ, ವಾಲ್ವೆಲ್ಲ ಸರ್ಯಾಗಿ ಕೂತವಲ್ಲ" ಎಂದಳು ಓರಗಿತ್ತಿ.

"ಕೂರ್ತವೆ. ಪೂರ್ತಿ ಒಂದು ಸುತ್ತು ತಿರುಗಿದ್ರೆ ಕೂರದೆ ಏನ್ಮಾಡ್ತವೆ?"

ಅವಳು ಹಾಕಿದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಎಡಗಡೆಯ ಅರ್ಧವನ್ನು ಈಚೆಗೆ ಎಳೆದೆವು. ಒಂದು ಕಡೆ ಟ್ಯೂಬು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು. ಆ ಜಾಗದಲ್ಲಿ ಪ್ಲಾಸ್ಟಿಕ್ಕು ಬೆಳ್ಳಗಾಗತೊಡಗಿತ್ತು. ಇನ್ನು ಸ್ವಲ್ಪ ಒತ್ತಿದ್ದರೆ ಅಲ್ಲೇ ಸೀಳುತ್ತಿತ್ತು. ಓನರು ಆ ಬಿಳಿ ಗುರುತನ್ನು ಬೆರಳಿನಿಂದ ಸವರಿ ನೋಡಿದರು.

"ನಿಮ್ಗೆಂಗಕ್ಕ ಗೊತ್ತಾಯ್ತು?"

"ಅವಳ ಕೈ ನೋಡ್ತಿದ್ದೆ."

"ಯಾವಾಗ?"

"ಬಂದಾಗ್ಲಿಂದ."

ಓನರು ನಕ್ಕರು. ನಾನು ನಗಲಿಲ್ಲ, ನಾನು ಹೇಳಿದ್ದು ತಮಾಷೆಯಲ್ಲ. ಅವಳ ತಾಯಿಯೂ ಅವಳ ಕೈಯನ್ನು ನನ್ನಷ್ಟು ನೋಡಿರಲಿಕ್ಕಿಲ್ಲ.

ಓರಗಿತ್ತಿ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ಪಕ್ಕದಲ್ಲಿದ್ದ ದಾರದ ಉಂಡೆಯಿಂದ ಒಂದಷ್ಟು ಬಿಚ್ಚಿ, ಮೊಣಕೈಗೆ ಸುತ್ತಿ, ಹೊರತೆಗೆದು, ಯೋಚಿಸದೆ ಒಂದು ತಿರುವು ತಿರುವಿ ಮಡಿಸಿ ಇಟ್ಟಳು. ನೂಲಿನ ಘಟಕದಲ್ಲಿ ಲಡಿ, ಅಂದರೆ ನೂಲಿನ ಸುರುಳಿ, ಕಟ್ಟುವುದು ಹೀಗೆ. ತಿರುವು ಕೊಡದೆ ಇಟ್ಟರೆ ನೂಲು ಸಿಕ್ಕಾಗುತ್ತದೆ, ಮೇಸ್ತ್ರಿ ಬೈಯುತ್ತಾನೆ. 

"ಲಡಿ ಕಟ್ದಂಗೆ ಕಟ್ಬುಟ್ಟಿದೀನಿ ಅಕ್ಕ" ಎಂದಳು. ಕಣ್ಣು ತುಂಬಿಕೊಂಡಿತ್ತು. "ನಂಗೇ ಗೊತ್ತಿಲ್ದಂಗೆ."

ಅವಳು ಅತ್ತರೆ ನನಗೆ ಹಿಗ್ಗಬೇಕಿತ್ತು. ಒಂದು ಕ್ಷಣ ಹಿಗ್ಗಿದೆ ಕೂಡ. ಆಮೇಲೆ ತಡೆಯಲಾಗಲಿಲ್ಲ. "ಓಗ್ಲಿ ಬುಡಮ್ಮಿ, ನಾನೂ ಮೊದ್ಮೊದ್ಲು ಲಡಿ ಥರ ತಿರುವ್ಬುಡ್ತಿದ್ದೆ" ಎಂದೆ.

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ನೀನು ಯಾವತ್ತು ಲಡಿ ಮುಟ್ಟಿದ್ದೆ ಅಕ್ಕ?"

ನಾನು ಹುಟ್ಟಿದಾರಭ್ಯ ಲಡಿ ಮುಟ್ಟಿದವಳಲ್ಲ. ನಮ್ಮ ತವರು ಕಬ್ಬು ಭತ್ತದ ಊರು. ಓನರು ಮತ್ತೆ ನಕ್ಕರು, ಅವಳೂ ಅಳುತ್ತಲೇ ನಕ್ಕಳು. ಸುಳ್ಳು ಹೇಳುವುದಕ್ಕೂ ಯೋಗ್ಯತೆ ಬೇಕು.

ಈ ಸಲ ಟ್ಯೂಬನ್ನು ಪೂರ್ತಿ ಈಚೆಗೆ ತೆಗೆದು, ಒಳಗೆ ಹಾಕುವ ಕೆಲಸ ನಾನೇ ವಹಿಸಿಕೊಂಡೆ. ಬಿಳಿಯಾದ ಜಾಗಕ್ಕೆ ಉದ್ದನೆಯ ತೇಪೆ ಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಟ್ಯೂಬನ್ನು ಗೋಡೌನಿನ ಉದ್ದಕ್ಕೂ ಹಾಸಿ, ಕಪ್ಪು ಮಾರ್ಕರಿನಿಂದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೆರೆ ಎಳೆದೆ. ಒಂದು ಕಡೆ ಓರಗಿತ್ತಿ ಎಳೆದು ಹಿಡಿದಿದ್ದಳು. ಗೆರೆ ನೆಟ್ಟಗಿದ್ದರೆ ಟ್ಯೂಬು ನೆಟ್ಟಗೆ. ಒಳಗೆ ಎಳೆಯುವಾಗ ಕಿಂಡಿಯಿಂದ ಕಿಂಡಿಗೆ ಬೆರಳು ಹಾಕಿ ಸರಿಸಿ ಗೆರೆ ಯಾವ ಬದಿಗಿದೆ ಎಂದು ನೋಡಿದರೆ ಸಾಕು. ಇನ್ನು ಮೇಲೆ ಯಾರ ಕೈಗೆ ಯಾವ ಅಭ್ಯಾಸವಿದ್ದರೂ ಗೆರೆ ಹೇಳಿಬಿಡುತ್ತದೆ. ಪಟಕ್ಕೆ ಪೂರ್ತಿ ಗಾಳಿ ತುಂಬಿ, ಮಾರನೆಯ ದಿನದವರೆಗೆ ಹಾಗೆಯೇ ನಿಲ್ಲಿಸಿದೆವು. ಬೆಳಿಗ್ಗೆ ಬಂದು ಒತ್ತಿ ನೋಡಿದಾಗ ಕಲ್ಲಿನಂತಿತ್ತು. ಎರಡು ತುದಿಯೂ ಒಂದೇ ಎತ್ತರದಲ್ಲಿದ್ದವು.

ಓನರು ನನ್ನನ್ನು ಕುರ್ಚಿ ಹಾಕಿ ಕೂರಿಸಿದರು. ಕುರ್ಚಿ ಹಾಕಿದಾಗಲೇ ನನಗೆ ಅನುಮಾನ ಬರಬೇಕಿತ್ತು.

"ಅಕ್ಕ, ನಿನ್ನೆ ನೀವಿಲ್ದಿದ್ರೆ ನಮ್ ಮಾನ ಹೋಗ್ತಿತ್ತು. ನಿಮ್ಮಂಥವರು ಇಲ್ಲ."

"ಬುಡಿ ಸಾ."

"ಅದಕ್ಕೇ ಹೇಳ್ತಾವ್ನಿ. ಇನ್ಮೇಲೆ ಇಲ್ಲಿ ಒಳಗೆ ಹೋಗೋ ಒಂದೊಂದು ಟ್ಯೂಬ್ನೂ ನೀವೇ ನೋಡ್ಬೇಕು. ನಿಮ್ಮ ಗೆರೆ ಇಲ್ದೆ ಒಂದು ಪಟಾನೂ ಕಳ್ಸಲ್ಲ ನಾನು. ಕರಾವಳೀಲಿ ಇರೋದು ಸಣ್ಣಪುಟ್ಟ ತೂತು, ವಾಲ್ವು. ಅದಕ್ಕೆ ನಿಮ್ ಓರಗಿತ್ತಿ ಸಾಕು. ನೀವು ಹೊಂಟ್ಬುಟ್ರೆ ನಾನು ಗೋಡೌನಿಗೆ ಬೀಗ ಹಾಕ್ಬೇಕಾಯ್ತದೆ."

ಹೊಗಳಿ ಹೊಗಳಿ ಅಟ್ಟ ಹತ್ತಿಸಿ ಏಣಿ ತೆಗೆದುಬಿಟ್ಟರು. ಇಷ್ಟು ವರ್ಷ ಆಸೆಯಿಟ್ಟುಕೊಂಡವಳು ನಾನು, ತಪ್ಪು ಮಾಡಿದವಳು ಅವಳು, ಹಿಡಿದವಳು ನಾನು, ಹೋಗುವವಳು ಅವಳು, ಇದ್ಯಾವ ನ್ಯಾಯ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನ್ಯಾಯವಲ್ಲ ಎಂದು ಒಪ್ಪಿಕೊಂಡರು. ಮುಂದಿನ ಗಾಳಿಗೆ ನೀವೇ ಎಂದರು. ಆದರೆ ಮಾತು ಬದಲಿಸಲಿಲ್ಲ.

ಓರಗಿತ್ತಿ ಹೊರಡುವ ದಿನ ಹೊಸ ಬ್ಯಾಗನ್ನು ನಾನೇ ತೆಗೆದು ಕೊಟ್ಟೆನೆಂದು ಬರೆಯಲು ಆಸೆಯಾಗುತ್ತದೆ. ಕೊಟ್ಟದ್ದು ಅತ್ತೆ. ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಜತೆ ಜಗಳವಾಡುತ್ತಿದ್ದೆ. ಅವಳು ಬಂದು ಕಾಲು ಮುಟ್ಟಿ, "ಓಗ್ಬುಟ್ ಬತ್ತೀನಿ ಅಕ್ಕ" ಎಂದಳು. ಹ್ಞೂಂ ಎಂದೆ. ಕಿತ್ತಳೆ ಪಟದ ಮೂಟೆಯ ಜೊತೆಗೆ ಓನರು ಅವಳನ್ನು ಬಸ್ಸು ಹತ್ತಿಸಿಕೊಂಡು ಹೋದರು.

ಅವಳ ಫೋನು ಬಂದಾಗ ನಾನು ಗೋಡೌನಿನಲ್ಲಿ ಇನ್ನೊಂದು ಟ್ಯೂಬಿಗೆ ಗೆರೆ ಎಳೆಯುತ್ತಿದ್ದೆ. ಫೋನಿನಲ್ಲಿ ಮೊದಲು ಗಾಳಿಯ ಸದ್ದು ಕೇಳಿತು. ಅದರ ಹಿಂದೆ ಇನ್ನೊಂದು ಸದ್ದು, ನಿಂತು ನಿಂತು ಬರುವ, ಎಲ್ಲಿಂದಲೋ ಎದ್ದು ಬಂದು ಹರಡಿಹೋಗುವ ದೊಡ್ಡ ಸದ್ದು.

"ನೋಡ್ದಾ?" ಎಂದೆ.

"ನೋಡ್ದೆ ಕಣಕ್ಕ."

"ಎಂಗದೆ?"

ಆ ಸದ್ದು ಒಂದು ಸಲ ಬಂದು ಹೋಯಿತು, ಇನ್ನೊಂದು ಸಲ ಬಂದು ಹೋಯಿತು.

"ನೋಡೋ ಅಂತದ್ದೇನಿಲ್ಲ ಕಣಕ್ಕ" ಎಂದಳು. "ನಮ್ ಗುಂಡಾಲ್ ಡ್ಯಾಮ್ ಇದ್ದಂಗೇ ಅದೆ. ವಸಿ ದೊಡ್ದು, ಅಷ್ಟೇಯ."

"ಪಟ?"

"ಎದ್ದದೆ. ಬಿಸ್ಲು ಆ ಕಡೆಯಿಂದ ಬಿದ್ರೆ ನೀನೆಳ್ದಿದ್ದ ಗೆರೆ ಕಾಣ್ತದೆ ಅಕ್ಕ, ಗವಸಿನ ಮ್ಯಾಲೇ. ಈ ತುದಿಯಿಂದ ಆ ತುದಿಗಂಟ ನೆಟ್ಟಗದೆ. ಇಲ್ಲಿರೋರೆಲ್ಲ ಅದೇನು ಅಂತ ಕೇಳ್ತಾವ್ರೆ."

ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಮಾರ್ಕರು ಹಿಡಿದುಕೊಂಡೇ ಕೂತಿದ್ದೆ. ಗುಂಡಾಲ್ ಡ್ಯಾಮನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿಯ ನೀರು ಅಂಥ ಸದ್ದು ಮಾಡುವುದಿಲ್ಲ. ಆ ಸದ್ದೊಂದು ಕೇಳಿಸದೆ ಹೋಗಿದ್ದರೆ ಅವಳ ಮಾತನ್ನು ಪೂರ್ತಿ ನಂಬಿ, ಆ ದಿನ ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ನನ್ನನ್ನು ಸಮಾಧಾನಪಡಿಸುವ ಸುಳ್ಳನ್ನೂ ಅವಳು ನನಗಿಂತ ಚೆನ್ನಾಗಿ ಹೇಳಿದ್ದಳು.